3,200 ರೂಪಾಯಿಯ ಸಬ್‌ವೂಫರ್ ಕೇಬಲ್: ಮೂರು ವರ್ಷ ಬಳಸಿದ ಮೇಲೆ

ರಾತ್ರಿ ಊಟ ಮುಗಿದು ಅಡುಗೆಮನೆಯ ಪಾತ್ರೆ ಸದ್ದು ನಿಂತ ಮೇಲೆ ನಮ್ಮ ಸರಸ್ವತಿಪುರಂ ಮನೆಯಲ್ಲಿ ನನ್ನದೊಂದು ಅಭ್ಯಾಸ ಇದೆ. ಸ್ಪೀಕರ್‌ಗಳಿಗೆ ಸದ್ದು ಕಳಿಸುವ ರಿಸೀವರ್ ಆನ್ ಮಾಡಿ, ಏನೂ ಹಾಕದೆ ಒಂದು ನಿಮಿಷ ಸುಮ್ನೆ ಕೂರುತ್ತೇನೆ. ಆಮೇಲೆ ದೊರೆಸ್ವಾಮಿ ಅಯ್ಯಂಗಾರರ ವೀಣೆ. ಒಂದು ಮೀಟು ಪೂರ್ತಿ ಆರುವ ತನಕ ಕಾಯುವುದರಲ್ಲೇ ನನಗೆ ಖುಷಿ. ಆ ಕೊನೆಯ ಎಳೆಯ ಹಿಂದೆ ಸಬ್‌ವೂಫರ್, ಅಂದರೆ ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್, ಗುಂಯ್ ಅನ್ನುತ್ತಿದ್ದರೆ ಕೇಳುವುದೇ ಬೇಡ ಅನಿಸುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಆ ಸದ್ದು 50 ಇಲ್ಲವೇ 100 ಹರ್ಟ್ಸ್‌ನಲ್ಲಿ ಬರುತ್ತದೆ. ತಂಬೂರಿ ಪಕ್ಕ ಸೇರದ ಇನ್ನೊಂದು ಶ್ರುತಿ ಹಿಡಿದ ಹಾಗೆ.

ಅದಕ್ಕೇ 2022ರಲ್ಲಿ ರಿಸೀವರ್‌ನಿಂದ ಸಬ್‌ವೂಫರ್‌ಗೆ ಹಾಕಲು ಈ 5 ಮೀಟರ್ ಕೇಬಲ್ ತಂದೆ. ಹಳೇ ತೆಳ್ಳನೆಯ ಆರ್‌ಸಿಎ ಕೇಬಲ್ (ಆಡಿಯೋಗೆ ಬಳಸುವ ಗುಂಡು ಪ್ಲಗ್ಗಿನದು) ತೆಗೆದು ಇದನ್ನು ಹಾಕಿದ ದಿನವೇ ಸದ್ದು ಅರ್ಧಕ್ಕಿಳಿಯಿತು. ಒಳಗೆ ಫಾಯಿಲ್, ಅದರ ಮೇಲೆ ಒತ್ತಾಗಿ ಹೆಣೆದ ತಾಮ್ರದ ಜಾಲರಿ. ತಿಂಗಳಿಗೊಮ್ಮೆ ಪ್ಲಗ್ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದೆ, ಇವತ್ತಿಗೂ ಹಿಡಿತ ಸಡಿಲ ಆಗಿಲ್ಲ. ಆದರೆ ದಪ್ಪ ಜಾಸ್ತಿ, ಬಗ್ಗುವುದೇ ಇಲ್ಲ. ಸಬ್‌ವೂಫರ್ ಗೋಡೆಯಿಂದ ಒಂದು ಗೇಣು ಮುಂದೆಯೇ ನಿಲ್ಲಬೇಕಿತ್ತು.

ಇನ್ನರ್ಧ ಸದ್ದು? ಅದು ಹೋಗಲೇ ಇಲ್ಲ. ಒಂದು ಅಂಗಡಿಯಲ್ಲಿ ಇನ್ನೂ ದುಬಾರಿಯದು ತಗೊಳ್ಳಿ ಅಂದರು. ಇನ್ನೊಬ್ಬರು ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಕಿತ್ತುಬಿಡಿ ಅಂದರು. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಒಳಗೆ ವೈರ್ ಕಿತ್ತು ಲೋಹದ ಹೊರಕವಚಕ್ಕೆ ತಾಗಿದರೆ ನಮ್ಮ ಜೀವ ಉಳಿಸುವುದು ಆ ಪಿನ್ನೇ.

ಕೊನೆಗೆ ನಾನೇ ಒಂದೊಂದಾಗಿ ಬಿಚ್ಚಿ ನೋಡಿದೆ. ಸಬ್‌ವೂಫರ್ ಹಿಂದಿನ ಆರ್‌ಸಿಎ ತೆಗೆದರೆ ಪೂರ್ತಿ ನಿಶ್ಶಬ್ದ. ಅಂದರೆ ಸಬ್‌ವೂಫರ್ ಸರಿ ಇದೆ, ಸದ್ದು ಕೇಬಲ್ ಹಿಡಿದು ಬರುತ್ತಿದೆ. ಮತ್ತೆ ಸಿಕ್ಕಿಸಿ, ಸೆಟ್ ಟಾಪ್ ಬಾಕ್ಸ್‌ನಿಂದ ಡಿಶ್ ಕೇಬಲ್ ಬಿಚ್ಚಿದೆ. ಆಗಲೂ ನಿಶ್ಶಬ್ದ! ತಾರಸಿಯಲ್ಲಿ ಡಿಶ್ ಕಬ್ಬಿಣದ ಕಂಬಿಗೆ ಕೂತಿದೆ, ಅಲ್ಲೊಂದು ಅರ್ಥ್. ಹಾಲ್‌ನ ಸಾಕೆಟ್‌ನಲ್ಲಿ ಇನ್ನೊಂದು. ಎರಡರ ನಡುವೆ ಕರೆಂಟು ಸುತ್ತು ಹೊಡೆಯಲು ನಮ್ಮ ಕೇಬಲ್‌ನ ಜಾಲರಿಯೇ ದಾರಿ ಆಗಿತ್ತು. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು. ಎಷ್ಟೇ ದುಬಾರಿ ಕೇಬಲ್ ಆದರೂ ಆ ಸುತ್ತನ್ನು ಮುರಿಯುವುದಿಲ್ಲ.

ಸೆಟ್ ಟಾಪ್ ಬಾಕ್ಸನ್ನು ಟಿವಿಗೆ ಮಾತ್ರ ಕೊಟ್ಟೆ. ಟಿವಿಯಿಂದ ರಿಸೀವರ್‌ಗೆ ಎಚ್‌ಡಿಎಂಐ ತೆಗೆದು ಆಪ್ಟಿಕಲ್ ಕೇಬಲ್ ಹಾಕಿದೆ. ಅದರಲ್ಲಿ ಹೋಗುವುದು ಬೆಳಕು, ಲೋಹದ ಸಂಪರ್ಕವೇ ಇಲ್ಲ. ರಿಸೀವರ್, ಸಬ್‌ವೂಫರ್ ಎರಡನ್ನೂ ಒಂದೇ ಬೋರ್ಡಿಗೆ ತಂದೆ. ಪವರ್ ವೈರ್ ಜೊತೆ ಉದ್ದಕ್ಕೆ ಮಲಗಿದ್ದ ಕೇಬಲನ್ನು ಎತ್ತಿ, ಅಡ್ಡ ಹಾಯುವ ಹಾಗೆ ಮಾಡಿದೆ. ಆಪ್ಟಿಕಲ್‌ನಲ್ಲಿ ಡಾಲ್ಬಿ ಡಿಜಿಟಲ್ 5.1 ಬರುತ್ತದೆ, ಅದಕ್ಕಿಂತ ಮೇಲ್ದರ್ಜೆಯ ಟ್ರೂಎಚ್‌ಡಿ ಬರುವುದಿಲ್ಲ. ಬ್ಲೂರೇ ಇರುವವರಿಗೆ ಇದು ಕೊರತೆಯೇ. ನನಗಲ್ಲ. ಆ ರಾತ್ರಿ ಅಮ್ಮ ಬಂದು, "ಆನ್ ಮಾಡಿದ್ದೀಯೇನೋ?" ಅಂತ ಕೇಳಿದರು.

ಆಮೇಲೆ, ಇಷ್ಟು ದುಬಾರಿ ಕೇಬಲ್ ಬೇಕೇ ಇತ್ತಾ ಅಂತ ಒಂದು ಅನುಮಾನ ಬಂತು. ಸಿಸಿಟಿವಿಗೆ ಬಳಸುವ, ತಾಮ್ರದ ಜಾಲರಿಯ ಆರ್‌ಜಿ 59 ವೈರ್ 5 ಮೀಟರ್ ತಂದು ಎರಡೂ ತುದಿಗೆ ಆರ್‌ಸಿಎ ಪ್ಲಗ್ ಬೆಸುಗೆ ಹಾಕಿಸಿದೆ. ಒಟ್ಟು 450 ರೂಪಾಯಿ ಆಯಿತು. ವಾರಕ್ಕೊಂದರಂತೆ ಬದಲಾಯಿಸಿ ಕೇಳಿದೆ, ಅದೇ ವೀಣೆ, ಅದೇ ವಾಲ್ಯೂಮ್. ನನ್ನ ಕಿವಿಗೆ ಒಂದಿಷ್ಟೂ ವ್ಯತ್ಯಾಸ ಸಿಗಲಿಲ್ಲ. 3,200 ನನಗೆ ಸಣ್ಣ ದುಡ್ಡಲ್ಲ, ಆ ವಾರ ನಿಜಕ್ಕೂ ಬೇಜಾರಾಯಿತು. ಕೇಬಲ್ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಗಟ್ಟಿಮುಟ್ಟಾಗಿದೆ. ಆದರೆ ಮೊದಲು ಡಿಶ್ ಕೇಬಲ್ ಬಿಚ್ಚಿ ನೋಡಿ, ಆಮೇಲೆ ಅಂಗಡಿಗೆ ಹೋಗಿ. ಈಗ ಸಬ್‌ವೂಫರ್‌ಗೆ ಆ 450ರದ್ದೇ ಇದೆ. ಚೆನ್ನಾಗಿ ಬಗ್ಗುತ್ತದೆ, ಸಬ್‌ವೂಫರ್ ಗೋಡೆ ಹತ್ತಿರಕ್ಕೆ ಹೋಗಿದೆ.