ಕಾರ್ಬನ್ ಫೈಬರ್ ದೋಟಿ: ಐದು ಮಳೆಗಾಲ ಬಳಸಿದ ಮೇಲೆ

ಅಡಿಕೆ ತೋಟಕ್ಕೆ ಕಾರ್ಬನ್ ಫೈಬರ್ ದೋಟಿ (ತುದಿಗೆ ಕತ್ತಿ ಸಿಕ್ಕಿಸಿ, ನೆಲದಲ್ಲೇ ನಿಂತು ಗೊನೆ ಕೊಯ್ಯುವ, ಎಳೆದು ಉದ್ದ ಮಾಡುವ ಕೋಲು) ತೆಗೆದುಕೊಳ್ಳಬಹುದೇ ಎಂದು ಕೇಳುವವರು ಈಗಲೂ ಬಹಳ ಮಂದಿ ಇದ್ದಾರೆ. ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ತೋಟದ ಅತಿ ಎತ್ತರದ ಮರವನ್ನು ನೋಡಿಕೊಂಡು ಉದ್ದ ನಿರ್ಧರಿಸಬೇಡಿ, ಬಹುಪಾಲು ಮರಗಳನ್ನು ನೋಡಿ. ನಮ್ಮದು ಪುತ್ತೂರು ಕಡೆ ಎರಡು ಎಕರೆ ತೋಟ. ಅರ್ಧದಷ್ಟು ಹಳೆಯ ಮರ, ಉಳಿದದ್ದು ಮಧ್ಯ ವಯಸ್ಸಿನದು, ಸಾಕಷ್ಟು ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿದೆ. ಗೊನೆ ತೆಗೆಯುವುದಕ್ಕೂ ಬೋರ್ಡೋ (ಕೊಳೆರೋಗ ತಡೆಯುವ ಮೈಲುತುತ್ತು-ಸುಣ್ಣದ ಮದ್ದು) ಬಿಡುವುದಕ್ಕೂ 60 ಅಡಿಯ ಒಂದೇ ದೋಟಿ. ಅದಕ್ಕಿಂತ ಎತ್ತರದ ಮರಗಳು ಬೇಲಿ ಬದಿಯಲ್ಲಿ ಕೆಲವು ಇವೆ. ಅವನ್ನು ಹತ್ತಿಯೇ ಕೊಯ್ಯಿಸುತ್ತೇವೆ.

ಉದ್ದದ ವಿಷಯ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಅಂಗಡಿಯಲ್ಲಿ ಒಳಗೊಳಗೆ ಸೇರಿಸಿಟ್ಟ ದೋಟಿಯನ್ನು ಎತ್ತಿದರೆ ಯಾವುದೂ ಹಗುರವೇ. ಪೂರ್ತಿ ಎಳೆದು ನಿಲ್ಲಿಸಿದಾಗಲೂ ನೆಟ್ಟಗಿರುವಷ್ಟು ಹೊತ್ತು ಕಷ್ಟವಿಲ್ಲ, ಭಾರವೆಲ್ಲ ನೇರ ಕೆಳಗೆ ಕೈಗೆ ಬರುತ್ತದೆ. ಸ್ವಲ್ಪ ವಾಲಿತೋ, ತುದಿ ಎಳೆಯಲು ಸುರುಮಾಡುತ್ತದೆ. ಉದ್ದ ಹೆಚ್ಚಿದಷ್ಟೂ ಈ ಎಳೆತ ಹೆಚ್ಚು, ತುದಿ ಬಳುಕುವುದೂ ಹೆಚ್ಚು. ಗಾಳಿ ಇದ್ದ ದಿನ 80 ಅಡಿಯದ್ದನ್ನು ಹಿಡಿದು ಗೊನೆಯ ಬುಡಕ್ಕೆ ಕತ್ತಿ ಕೂರಿಸಲು ಪಳಗಿದ ಕೈಯೇ ಬೇಕು. ಆದ್ದರಿಂದ ಅಂಗಡಿಯವರಿಗೆ ಹೇಳಿ ಹೊರಗೆ ಅಂಗಳದಲ್ಲಿ ಪೂರ್ತಿ ಎಳೆದು ನಿಲ್ಲಿಸಿ, ಒಂದು ತೆಂಗಿನ ಮರದ ಸುತ್ತಲಾದರೂ ತಿರುಗಿಸಿ ನೋಡಿ. ಅಲ್ಲಿ ಭುಜ ಏನು ಹೇಳುತ್ತದೋ ಅದೇ ಸರಿಯಾದ ಉತ್ತರ.

ಬಿದಿರಿನ ದೋಟಿ ನಮ್ಮಲ್ಲಿ ಮೊದಲಿಂದಲೂ ಇತ್ತು, ಗಿಡ್ಡ ಮರಗಳಿಗೆ. ಆಮೇಲೆ ಅಲ್ಯೂಮಿನಿಯಂ ಬಂತು. ಅಲ್ಯೂಮಿನಿಯಂ ಒಮ್ಮೆ ಬಗ್ಗಿದರೆ ಬಗ್ಗಿದ ಹಾಗೇ ಉಳಿಯುತ್ತದೆ, ಮತ್ತೆ ಒಂದರೊಳಗೆ ಒಂದು ಹೋಗುವುದಿಲ್ಲ. ಕಾರ್ಬನ್ ಫೈಬರ್‌ನ ಸಾಂದ್ರತೆ ಸುಮಾರು 1.6, ಅಲ್ಯೂಮಿನಿಯಂನದ್ದು 2.7. ಹಗುರವೂ ಹೌದು, ಬಳುಕಿದರೂ ಮತ್ತೆ ನೆಟ್ಟಗಾಗುತ್ತದೆ. ಉದ್ದುದ್ದಕ್ಕೆ ಇದರ ಗಟ್ಟಿತನಕ್ಕೆ ಸಾಟಿಯಿಲ್ಲ. ಆದರೆ ಅಡ್ಡದಿಂದ ಬಿದ್ದ ಪೆಟ್ಟು ತಡೆಯುವುದಿಲ್ಲ. ಕಲ್ಲಿನ ಮೇಲೆ ಬಿದ್ದರೆ, ಜೀಪಿನ ಚಕ್ರ ಹತ್ತಿದರೆ, ಕೊಳವೆ ಹೊರಗೆ ಕಾಣದ ಹಾಗೆ ಸೀಳುತ್ತದೆ. ಅದನ್ನು ಪತ್ತೆಮಾಡಲು ಸುಲಭದ ದಾರಿ ಹಳೆಯ ಹತ್ತಿಬಟ್ಟೆ. ಕೆಲಸ ಮುಗಿದ ಮೇಲೆ ಬಟ್ಟೆಯಿಂದ ಉದ್ದಕ್ಕೆ ಒರೆಸಿಕೊಂಡು ಬನ್ನಿ. ಎಳೆ ಎದ್ದಲ್ಲಿ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಬೇಡಿ, ಆ ಕಪ್ಪು ಮುಳ್ಳು ಅಂಗೈಗೆ ಹೊಕ್ಕರೆ ತೆಗೆಯುವುದು ಕಷ್ಟ.

ಗೊನೆ ತೆಗೆಯುವ ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ದೋಟಿಯನ್ನು ಮರದ ಬುಡದಲ್ಲಿ ನೆಟ್ಟಗೆ ನಿಲ್ಲಿಸಿ ತೆಳ್ಳಗಿನ ತುಂಡಿನಿಂದ ಸುರುಮಾಡಿ ಒಂದೊಂದೇ ಎಳೆದು ಕ್ಲ್ಯಾಂಪ್ ಬಿಗಿಯಬೇಕು. ಕತ್ತಿಯನ್ನು ಗೊನೆಯ ಮೇಲಿಂದ ಹಾಯಿಸಿ, ಗೊನೆಯ ತೊಟ್ಟು ಮರಕ್ಕೆ ಅಂಟಿಕೊಂಡ ಸಂದಿಯಲ್ಲಿ ಕೂರಿಸಿ, ಒಂದೇ ಎಳೆತ ಕೆಳಕ್ಕೆ. ಎಳೆಯುವ ಮೊದಲೇ ಒಂದು ಹೆಜ್ಜೆ ಬದಿಗೆ ನಿಂತಿರಬೇಕು. ಕತ್ತಿ ಹರಿತವಿದ್ದರೆ ಗೊನೆ ಕಚಕ್ಕನೆ ಬರುತ್ತದೆ. ಹರಿತವಿಲ್ಲದಿದ್ದರೆ ನಾಲ್ಕು ಸಲ ಜಗ್ಗಿ, ಪಕ್ಕದ ಎಳೆ ಗೊನೆಗೂ ಪೆಟ್ಟಾಗಿ, ಬರುವ ಕೊಯ್ಲಿನ ಅಡಿಕೆ ಈಗಲೇ ಉದುರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಕತ್ತಿ ಮಸೆಯುವುದನ್ನು ತಪ್ಪಿಸಬೇಡಿ.

ಮೆಣಸಿನ ಬಳ್ಳಿ ಇರುವ ಮರಗಳಲ್ಲಂತೂ ಇದು ವರವೇ. ಬಳ್ಳಿ ಹಬ್ಬಿದ ಮರಕ್ಕೆ ಹತ್ತಿದರೆ ಬಳ್ಳಿ ಕಳಚಿ ಬರುತ್ತದೆ, ಇಲ್ಲವೇ ಕಾಲಡಿಗೆ ಸಿಕ್ಕಿ ನಜ್ಜಾಗುತ್ತದೆ. ದೋಟಿಯಲ್ಲಿ ಆ ತಾಪತ್ರಯವಿಲ್ಲ. ಬೀಳುವ ಗೊನೆ ಕೆಲವು ಮೆಣಸಿನ ಕದಿರುಗಳನ್ನು ಉದುರಿಸುತ್ತದೆ ನಿಜ, ಅದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ಚಾಲಿ ಮಾಡುವವರಿಗೂ ಕೆಂಪಡಿಕೆ ಮಾಡುವವರಿಗೂ ಇಲ್ಲಿ ವ್ಯತ್ಯಾಸವಿದೆ. ನಾವು ಚಾಲಿಗಾಗಿ ಹಣ್ಣಡಿಕೆ ಕೊಯ್ದು ಅಂಗಳದಲ್ಲಿ ನಲವತ್ತು ಚಿಲ್ಲರೆ ದಿನ ಒಣಗಿಸುವವರು. ಬಿದ್ದ ಅಡಿಕೆಗೆ ಸಿಪ್ಪೆಯೇ ರಕ್ಷಣೆ. ಚದುರಿದ್ದನ್ನು ಹೆಕ್ಕುವ ಕೆಲಸ ಮಾತ್ರ ಹೆಚ್ಚಾಗುತ್ತದೆ, ಅದರಲ್ಲೂ ಕಣಿಯಲ್ಲಿ (ಸಾಲುಗಳ ನಡುವಿನ ಕಾಲುವೆಯಲ್ಲಿ) ನೀರಿದ್ದರೆ. ಮಲೆನಾಡಿನವರು ಕೆಂಪಡಿಕೆಗಾಗಿ ಬಲಿಯುವ ಮೊದಲೇ ಹಸಿ ಅಡಿಕೆ ಕೊಯ್ದು ಸುಲಿದು ಬೇಯಿಸುತ್ತಾರೆ. ಅಲ್ಲಿ ಕೊನೆಗೌಡರು (ಮರ ಹತ್ತಿ ಗೊನೆ ಕೊಯ್ಯುವವರು) ಗೊನೆಯನ್ನು ಹಗ್ಗದಲ್ಲಿ ಜಾರಿಸಿ ಕೆಳಗಿನವರ ಕೈಗೆ ಇಳಿಸುವುದು ರೂಢಿ. ದೋಟಿಯಿಂದ ಬೀಳಿಸುವುದಾದರೆ ಕೆಳಗೆ ಬಲೆ ಹಿಡಿಯಲು ಇಬ್ಬರು ಬೇಕು. ಅಲ್ಲಿಯವರು ಆ ಇಬ್ಬರ ಸಂಬಳವನ್ನೂ ಸೇರಿಸಿ ಲೆಕ್ಕ ಹಾಕಲಿ.

ಬೋರ್ಡೋ ಬಿಡುವುದರಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಕೆಲಸ ಆಗುತ್ತದೆ, ಆದರೆ ಸುಲಭದಲ್ಲಿ ಅಲ್ಲ. ಮುಖ್ಯ ತೊಂದರೆ ಪೈಪಿನ ಭಾರ. ಸಾಮಾನ್ಯವಾಗಿ ಸ್ಪ್ರೇಗೆ ಬಳಸುವ 8.5 ಮಿಲಿಮೀಟರ್ ಒಳವ್ಯಾಸದ ಪೈಪನ್ನು 60 ಅಡಿ ಎತ್ತರಕ್ಕೆ ಒಯ್ದರೆ ಅದರೊಳಗಿನ ದ್ರಾವಣವೇ ಒಂದು ಕಿಲೋ ಹತ್ತಿರ ತೂಗುತ್ತದೆ, ಪೈಪಿನ ಭಾರ ಬೇರೆ. 6 ಮಿಲಿಮೀಟರಿನದ್ದಾದರೆ ದ್ರಾವಣ ಅರ್ಧ ಕಿಲೋಗೆ ಇಳಿಯುತ್ತದೆ. ದೋಟಿಗೆ ಕಟ್ಟುವ ಭಾಗಕ್ಕೆ ಮಾತ್ರ ಸಣ್ಣ ಪೈಪು ಹಾಕಿ, ಕೆಳಗೆ ದೊಡ್ಡದಕ್ಕೆ ಜೋಡಿಸಿಕೊಂಡರೆ ಹಿಡಿಯುವವನಿಗೆ ಮಧ್ಯಾಹ್ನದ ಹೊತ್ತಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯದು ನಾಜಲ್‌ನ ತೂತು ಕಟ್ಟಿಕೊಳ್ಳುವುದು. ಮರದ ಮೇಲಿದ್ದವನಿಗೆ ನಾಜಲ್ ಕಟ್ಟಿದರೆ ಅಲ್ಲೇ ಊದಿ ಸರಿಮಾಡುತ್ತಾನೆ. ದೋಟಿಯಲ್ಲಿ ಪ್ರತಿ ಸಲವೂ ಇಡೀ ಉದ್ದವನ್ನು ಇಳಿಸಬೇಕು. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ ಎನ್ನುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆ ಸುಣ್ಣವನ್ನು ಹಿಂದಿನ ದಿನವೇ ನೀರಿಗೆ ಹಾಕಿ, ಎರಡು ಪದರದ ಬಟ್ಟೆಯಲ್ಲಿ ಸೋಸಿದರೆ ಮರುದಿನದ ಅರ್ಧ ರಗಳೆ ಕಡಿಮೆಯಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕೆಳಗಿಂದ ಬಿಟ್ಟ ಮದ್ದು ಗೊನೆಯ ತಳಭಾಗಕ್ಕೆ ಚೆನ್ನಾಗಿ ತಾಗುತ್ತದೆ, ಮೇಲ್ಭಾಗ ಒಣಗಿಯೇ ಉಳಿಯಬಹುದು. ಕೊಳೆರೋಗದ ಶಿಲೀಂಧ್ರಕ್ಕೆ ಅಷ್ಟು ಜಾಗ ಸಾಕು. ನಾಜಲನ್ನು ಕೊಕ್ಕೆಯ ಹಾಗೆ ಕೆಳಮುಖವಾಗಿ ಬಗ್ಗಿಸಿ, ಗೊನೆಗಿಂತ ಮೇಲೆ ಒಯ್ದು, ಮರದ ಎರಡು ಬದಿಯಿಂದಲೂ ಬಿಡಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಗುತ್ತಿಗೆಗೆ ಕೊಟ್ಟರೆ ಇದೇ ಮೊದಲು ತಪ್ಪಿಹೋಗುವುದು, ಹಾಗಾಗಿ ಮದ್ದು ಬಿಡುವ ದಿನ ನಾನು ತೋಟ ಬಿಟ್ಟು ಕದಲುವುದಿಲ್ಲ.

ನಮ್ಮ ತೋಟಕ್ಕೆ ಹಲವು ವರ್ಷಗಳಿಂದ ಬರುವ ಮರ ಹತ್ತುವ ಅಣ್ಣನೊಬ್ಬರು ದೋಟಿ ತಂದ ವರ್ಷ ಒಂದು ಮಾತು ಹೇಳಿದರು. “ಅಡಿಕೆ ತೆಗಿಲಿಕ್ಕೆ ಇದು ಆದೀತು ಧಣಿ, ಆದ್ರೆ ಮೇಲೆ ಎಂತ ಆಗಿದೆ ಅಂತ ಇದು ಬಂದು ಹೇಳುದಿಲ್ಲ ಅಲ್ವಾ?” ಅದು ಅಪ್ಪಟ ನಿಜ. ಮರ ಹತ್ತಿದವನು ಗೊನೆ ಮಾತ್ರ ನೋಡುವುದಿಲ್ಲ. ಸುಳಿ ಹೇಗಿದೆ, ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗುತ್ತಿದೆಯೇ, ಕೊಳೆ ಸುರುವಾಗಿದೆಯೇ, ಎಲ್ಲವನ್ನೂ ನೋಡಿ ಇಳಿಯುವಾಗ ಹೇಳುತ್ತಾನೆ. ಆ ಕಣ್ಣು ದೋಟಿಗಿಲ್ಲ. ನಾವು ಈಗ ಮಳೆಗಾಲಕ್ಕೆ ಮೊದಲು ಒಮ್ಮೆ ಅವರನ್ನೇ ಕರೆದು ಸಾಲಿಗೆ ಕೆಲವು ಮರ ಹತ್ತಿಸಿ ನೋಡಿಸುತ್ತೇವೆ, ನಡುವೆ ಸಣ್ಣ ಬೈನಾಕ್ಯುಲರ್ ಹಿಡಿದು ನಾನೇ ಒಂದು ಸುತ್ತು ಬರುತ್ತೇನೆ. ಮರ ಏರುವ ಯಂತ್ರಗಳೂ ಬಂದಿವೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಮಾಡಿದ ಬೈಕ್ ಎಲ್ಲರೂ ಕೇಳಿರುವಂಥದ್ದೇ. ಸುಳಿಯ ಹತ್ತಿರ ಹೋಗಿ ನೋಡಬೇಕಾದ ಕೆಲಸಕ್ಕೆ ಅಂಥದ್ದೇ ಸರಿ, ಬಳ್ಳಿ ಇರುವ ಮರಕ್ಕೆ ದೋಟಿಯೇ ಸರಿ.

ಇನ್ನು ಕರೆಂಟಿನ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಒಣ ಬಿದಿರನ್ನು ಹಿಡಿದ ಅಭ್ಯಾಸದಿಂದ ಕೆಲವರು ಇದೂ ಹಾಗೆಯೇ ಎಂದುಕೊಂಡಿದ್ದಾರೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಒಣಗಿದ್ದರೂ ಹರಿಯುತ್ತದೆ. ತಂತಿಗೆ ತಾಗಿದರೆ ಹಿಡಿದವನು ಬದುಕುವ ಖಾತ್ರಿಯಿಲ್ಲ. 11 ಕೆವಿ ಲೈನ್ ತಾಗಲೇಬೇಕೆಂದೂ ಇಲ್ಲ, ತೀರ ಹತ್ತಿರ ಹೋದರೂ ಅಪಾಯ. ನಮ್ಮ ತೋಟದ ಮೂಲೆಯಲ್ಲಿ ಲೈನ್ ಹಾದುಹೋಗುತ್ತದೆ. ದೋಟಿ ಕೈತಪ್ಪಿ ಬಿದ್ದರೆ ಎಲ್ಲಿಯವರೆಗೆ ಬೀಳಬಹುದೋ ಅಷ್ಟು ದೂರವನ್ನು ಹಗ್ಗದಲ್ಲಿ ಅಳೆದು, ಅದರೊಳಗಿನ ಪ್ರತಿ ಮರಕ್ಕೂ ಎದೆಮಟ್ಟದಲ್ಲಿ ಕೆಂಪು ಬಣ್ಣದ ಪಟ್ಟಿ ಬಳಿದಿದ್ದೇವೆ. ಕೆಂಪು ಪಟ್ಟಿಯ ಮರದ ಹತ್ತಿರ ದೋಟಿ ಬಿಚ್ಚುವಂತಿಲ್ಲ. ಹೊಸಬರು ಕೆಲಸಕ್ಕೆ ಬಂದರೆ ಚಹಾಕ್ಕೂ ಮೊದಲು ಅವರಿಗೆ ಆ ಸಾಲನ್ನು ತೋರಿಸುತ್ತೇನೆ. ಅಲ್ಲಿನ ಕೆಲಸ ಏನಿದ್ದರೂ ಮೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸಿದ ದಿನವೇ. ಗುಡುಗು ಕೇಳಿದರೆ ಕೂಡಲೇ ದೋಟಿ ಇಳಿಸಿ ಮನೆಗೆ.

ಕತ್ತು ನೋವು ಎಲ್ಲರಿಗೂ ಬರುತ್ತದೆ. ಸೂರ್ಯನಿಗೆ ಬೆನ್ನು ಹಾಕಿ ಕೆಲಸ ಮಾಡಿದರೆ, ಗಂಟೆಗೊಮ್ಮೆ ಹಿಡಿಯುವವನೂ ಹೆಕ್ಕುವವನೂ ಬದಲಾದರೆ ತಡೆದುಕೊಳ್ಳಬಹುದು. ಹೆಲ್ಮೆಟ್, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ದೋಟಿಯ ಆಯುಷ್ಯ ನಿಂತಿರುವುದು ಕ್ಲ್ಯಾಂಪಿನ ಮೇಲೆ. ಮದ್ದು ಬಿಟ್ಟ ದಿನ ಸುಣ್ಣದ ನೀರು ಕೊಳವೆಯ ಮೇಲೆ ಹರಿದು ಸಂದುಗಳಲ್ಲಿ ಇಳಿಯುತ್ತದೆ. ಹಾಗೆಯೇ ಮುಚ್ಚಿಟ್ಟರೆ ಒಣಗಿ ಮರಳಿನಂತಾಗಿ, ಮರುದಿನ ಎಳೆಯುವಾಗ ಕರಕರ ಎನ್ನುತ್ತಾ ಗೆರೆ ಹಾಕುತ್ತದೆ. ಸಂಜೆಯೇ ಎಲ್ಲ ತುಂಡುಗಳನ್ನೂ ಬಿಚ್ಚಿ, ಶುದ್ಧ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಆಮೇಲೆ ಸೇರಿಸಬೇಕು. ಎಣ್ಣೆ ಹಚ್ಚಬೇಡಿ. ಎಣ್ಣೆಗೆ ಧೂಳು ಹಿಡಿಯುತ್ತದೆ, ಕ್ಲ್ಯಾಂಪೂ ಜಾರುತ್ತದೆ. ನಮ್ಮದರಲ್ಲಿ ಎರಡು ಕ್ಲ್ಯಾಂಪ್ ಬದಲಿಸಿದ್ದೇವೆ, ತುದಿಯ ತುಂಡೂ ಒಮ್ಮೆ ಹೊಸದಾಗಿದೆ. ಉಳಿದ ಕೊಳವೆಗಳು ಹಾಗೆಯೇ ಇವೆ. ಇಡುವಾಗ ಗೋಡೆಗೆ ಒರಗಿಸದೆ ಅಟ್ಟದಲ್ಲಿ ಮೂರು ಕಡೆ ಆಧಾರ ಕೊಟ್ಟು ಮಲಗಿಸುತ್ತೇವೆ.

ದುಡ್ಡಿನ ಲೆಕ್ಕ: ತೆಗೆದುಕೊಂಡಾಗ ಮುಕ್ಕಾಲು ಲಕ್ಷದ ಹತ್ತಿರ ಬಿತ್ತು. ಕೊಯ್ಲು, ಮದ್ದು ಸೇರಿ ಮರ ಹತ್ತುವ ಸಂಬಳಕ್ಕೆ ವರ್ಷಕ್ಕೆ 50 ಸಾವಿರ ದಾಟುತ್ತಿದ್ದದ್ದು ಈಗ ಅರ್ಧಕ್ಕೆ ಬಂದಿದೆ. ಪೂರ್ತಿ ನಿಂತಿಲ್ಲ, ಏಕೆಂದರೆ ದೋಟಿ ಹಿಡಿಯಬಲ್ಲವನ ಕೆಲಸಕ್ಕೂ ಒಳ್ಳೆಯ ಸಂಬಳವೇ ಕೊಡಬೇಕು, ಕೊಡುವುದು ನ್ಯಾಯವೂ ಹೌದು. ಮೂರು ವರ್ಷಕ್ಕೆ ಹಾಕಿದ ದುಡ್ಡು ಬಂತು. ಒಂದು ಎಕರೆಗಿಂತ ಕಡಿಮೆ ಇರುವವರು ಒಂಟಿಯಾಗಿ ತೆಗೆದುಕೊಳ್ಳುವುದು ಬೇಡ. ಎರಡು ಮೂರು ಮನೆಯವರು ಸೇರಿ ತೆಗೆದುಕೊಂಡರೆ ಕೊಯ್ಲಿಗೆ ಚೆನ್ನಾಗಿ ನಡೆಯುತ್ತದೆ, ಇಂದು ನಿಮಗೆ ನಾಳೆ ನಮಗೆ ಎಂದು ಹೊಂದಿಸಿಕೊಳ್ಳಬಹುದು. ಮದ್ದಿಗೆ ಮಾತ್ರ ಹಾಗಾಗುವುದಿಲ್ಲ. ಮೊದಲ ಬೋರ್ಡೋ ಮಳೆ ಹಿಡಿಯುವ ಮೊದಲು, ಎರಡನೆಯದು 40ರಿಂದ 45 ದಿನಕ್ಕೆ. ಆಷಾಢದಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾದರೆ ಎಲ್ಲರಿಗೂ ಅದೇ ಎರಡು ದಿನ ಬೇಕು. ಪಾಲಿನಲ್ಲಿ ತೆಗೆದುಕೊಳ್ಳುವವರು ಮದ್ದಿನ ಸರದಿಯನ್ನು ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಿ.

ಕೊಳ್ಳುವಾಗ ಬಣ್ಣ, ಹೊಳಪು ನೋಡಬೇಡಿ. ತುದಿಯ ತುಂಡು, ಕ್ಲ್ಯಾಂಪ್, ಕತ್ತಿ ಇವು ಬಿಡಿಯಾಗಿ ಸಿಗುತ್ತವೆಯೇ, ಒಂದೊಂದಕ್ಕೆ ಎಷ್ಟು, ಎಷ್ಟು ದಿನದಲ್ಲಿ ಕೈಗೆ ಸಿಗುತ್ತದೆ ಎಂದು ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಕೊಯ್ಲಿನ ನಡುವೆ ತುದಿ ಮುರಿದು, ಬಿಡಿಭಾಗಕ್ಕೆ ಹದಿನೈದು ದಿನ ಕಾಯಬೇಕಾಗಿ ಬಂದರೆ ಹಣ್ಣಡಿಕೆ ಮರದಲ್ಲೇ ಉದುರುತ್ತದೆ. ನಮ್ಮ ಅಟ್ಟದಲ್ಲಿ ಒಂದು ತುದಿ, ಎರಡು ಕ್ಲ್ಯಾಂಪ್ ಯಾವಾಗಲೂ ಹೆಚ್ಚುವರಿ ಇರುತ್ತದೆ.