ನಾವೋಶಿಮಾ ಕಲಾದ್ವೀಪ: ಮಾರ್ಗದರ್ಶಿಯೊಡನೆ ಒಂದು ದಿನದ ಪ್ರವಾಸದ ವಿಮರ್ಶೆ

ಜಪಾನಿನ ಸೆಟೊ ಒಳಸಮುದ್ರದಲ್ಲಿರುವ ನಾವೋಶಿಮಾ ದ್ವೀಪಕ್ಕೆ ಓಕಾಯಾಮಾ ನಗರದಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಈ ಪ್ರವಾಸವನ್ನು, ದ್ವೀಪದಲ್ಲಿ ತಂಗಲು ಬಿಡುವಿಲ್ಲದ ಮತ್ತು ಜಪಾನೀ ಭಾಷೆ ಬಾರದವರು ಧಾರಾಳವಾಗಿ ಪರಿಗಣಿಸಬಹುದು. ಆದರೆ ಈ ಪ್ರವಾಸದಲ್ಲಿ ಮಾರ್ಗದರ್ಶಿಯಿಂದ ಆಗುವ ಉಪಕಾರವೆಲ್ಲ ಸಂಗ್ರಹಾಲಯಗಳ ಹೊರಗೆ ಆಗುವಂಥದ್ದು. ಒಳಗೆ ಕಾಲಿಟ್ಟ ಮೇಲೆ ಪ್ರವಾಸದ ವೇಳಾಪಟ್ಟಿ ನೋಡುವವರ ಬೆನ್ನು ಹತ್ತುತ್ತದೆ.

ಮೊದಲು ಉಪಕಾರದ ಮಾತು. ಉನೊ ಬಂದರಿನಿಂದ ದ್ವೀಪದ ಮಿಯಾನೊಉರಾ ಬಂದರಿಗೆ ಹಡಗಿನ ಪಯಣ ಸುಮಾರು 20 ನಿಮಿಷ ಮಾತ್ರ, ಆದರೆ ರೈಲು, ಹಡಗು ಮತ್ತು ದ್ವೀಪದ ಪುಟ್ಟ ಬಸ್ಸು ಈ ಮೂರರ ಸಮಯವೂ ಹೊಂದಿಕೊಳ್ಳದಿದ್ದರೆ ಅರ್ಧ ದಿನ ಕಾಯುವುದರಲ್ಲೇ ಕಳೆದುಹೋಗುತ್ತದೆ. ಚಿಚು ಕಲಾ ಸಂಗ್ರಹಾಲಯದ ಪ್ರವೇಶಕ್ಕೆ ದಿನ ಮತ್ತು ವೇಳೆಯನ್ನು ಮುಂಚೆಯೇ ಕಾಯ್ದಿರಿಸಬೇಕು. ಸಾಮಾನ್ಯವಾಗಿ ಸೋಮವಾರಗಳಂದು ಅದು ಮುಚ್ಚಿರುತ್ತದೆ. ಈ ತಲೆನೋವನ್ನೆಲ್ಲ ಆಯೋಜಕರು ತಾವೇ ಹೊತ್ತುಕೊಂಡಿದ್ದರು, ಯಾವ ನಿಲ್ದಾಣದಲ್ಲಿ ಯಾವ ಬಸ್ಸು ಎಂಬ ಪ್ರಶ್ನೆ ನಮ್ಮ ಗುಂಪಿನಲ್ಲಿ ಯಾರಿಗೂ ಹುಟ್ಟಲಿಲ್ಲ.

ಹಡಗಿನ ಮೇಲ್ಮಹಡಿಯಲ್ಲಿ ನಿಂತು ಮಾರ್ಗದರ್ಶಿ ಹೇಳಿದ ದ್ವೀಪದ ಚರಿತ್ರೆ ಇಡೀ ದಿನಕ್ಕೆ ಒಳ್ಳೆಯ ಪೀಠಿಕೆಯಾಯಿತು. ದ್ವೀಪದ ಉತ್ತರ ತುದಿಯಲ್ಲಿ ಮಿತ್ಸುಬಿಶಿಯ ತಾಮ್ರ ಕರಗಿಸುವ ಕಾರ್ಖಾನೆ 1917ರಿಂದ ಇದೆ. ಅದರ ಹೊಗೆಯಿಂದ ಸುತ್ತಲಿನ ಗುಡ್ಡಗಳ ಹಸಿರು ನಾಶವಾಗಿತ್ತು. 1985ರಲ್ಲಿ ಅಂದಿನ ಪುರಪ್ರಮುಖ ಚಿಕತ್ಸುಗು ಮಿಯಾಕೆ ಮತ್ತು ಪ್ರಕಾಶನ ಉದ್ಯಮಿ ತೆತ್ಸುಹಿಕೊ ಫುಕುತಾಕೆ ಭೇಟಿಯಾಗಿ ದ್ವೀಪದ ದಕ್ಷಿಣ ಭಾಗವನ್ನು ಹೊಸ ರೀತಿಯಲ್ಲಿ ಬೆಳೆಸುವ ಮಾತಾಡಿಕೊಂಡರು. ಮರುವರ್ಷ ಫುಕುತಾಕೆ ತೀರಿಕೊಂಡರೂ ಮಗ ಸೊಯಿಚಿರೊ ಆ ಕೆಲಸವನ್ನು ಕೈಬಿಡಲಿಲ್ಲ. ವಾಸ್ತುಶಿಲ್ಪಿ ತದಾವೊ ಆಂಡೊ ವಿನ್ಯಾಸಗೊಳಿಸಿದ, ಸಂಗ್ರಹಾಲಯವೂ ಹೋಟೆಲೂ ಆದ ಬೆನೆಸ್ಸೆ ಹೌಸ್ 1992ರಲ್ಲಿ ತೆರೆಯಿತು. ಕಾರ್ಖಾನೆ ಇಂದಿಗೂ ನಡೆಯುತ್ತಿದೆ ಎಂಬುದನ್ನು ಮುಚ್ಚಿಡದೆ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಪ್ರಚಾರದ ಪತ್ರಗಳಲ್ಲಿ ದ್ವೀಪದ ಹೆಸರಾಂತ ಶಿಲ್ಪವಾದ ಹಳದಿ ಕುಂಬಳಕಾಯಿಯ ಹಿಂದೆ ಈ ಸಂಗತಿ ಮರೆಯಾಗಿಬಿಡುತ್ತದೆ.

2004ರಲ್ಲಿ ತೆರೆದ ಚಿಚು ಸಂಗ್ರಹಾಲಯವೂ ಆಂಡೊ ಅವರದೇ. ಕರಾವಳಿಯ ನೋಟ ಕೆಡದಿರಲೆಂದು ಕಟ್ಟಡದ ಬಹುಭಾಗವನ್ನು ನೆಲದೊಳಗೆ ಹುದುಗಿಸಿದ್ದರೂ ಮೇಲಿನಿಂದ ಹಗಲ ಬೆಳಕು ಒಳಗಿಳಿಯುತ್ತದೆ. ಕ್ಲೋದ್ ಮೊನೆ ಅವರ ನೈದಿಲೆ ಚಿತ್ರಗಳಿರುವ ಕೋಣೆಗೆ ಪಾದರಕ್ಷೆ ಬಿಚ್ಚಿ, ಅಲ್ಲಿಯೇ ಕೊಡುವ ಚಪ್ಪಲಿ ಮೆಟ್ಟಿ ಹೋಗಬೇಕು. ನೆಲಕ್ಕೆ ಹಾಸಿದ್ದು ಅಮೃತಶಿಲೆಯ ಸಣ್ಣ ಸಣ್ಣ ಬಿಲ್ಲೆಗಳು. ಗೋಡೆಯ ಮೇಲಿನ ಐದು ಚಿತ್ರಗಳಿಗೆ ಸೂರ್ಯನ ಬೆಳಕು ಬಿಟ್ಟರೆ ಬೇರೆ ದೀಪವಿಲ್ಲ. ಮೋಡವೊಂದು ಹಾದುಹೋದಾಗ ಚಿತ್ರದ ನೇರಳೆ ಬಣ್ಣ ಮಂಕಾಗಿ ಮತ್ತೆ ನಿಧಾನವಾಗಿ ತಿಳಿಯಾಗುವುದನ್ನು ಅಲ್ಲಿ ನಿಂತೇ ಕಾಣಬಹುದು. ವಾಲ್ಟರ್ ಡಿ ಮರಿಯಾ ಅವರ ಕೋಣೆಯಲ್ಲಿ ಮೆಟ್ಟಿಲುಗಳ ನಡುವೆ 2.2 ಮೀಟರ್ ವ್ಯಾಸದ ನುಣುಪಾದ ಕಲ್ಲಿನ ಗೋಳವೂ, ಸುತ್ತಲೂ ಚಿನ್ನದ ಹಾಳೆ ಹೊದಿಸಿದ 27 ಮರದ ಆಕೃತಿಗಳೂ ಇವೆ; ಬೆಳಕಿನ ದಿಕ್ಕು ಬದಲಾದಂತೆ ಅವುಗಳ ನೋಟವೂ ಬದಲಾಗುತ್ತದೆ. ಇಂಥ ಕಡೆ ಒಂದು ಗಂಟೆಯ ಗಡುವು ಕೊಡುವುದೆಂದರೆ ಊಟಕ್ಕೆ ಕೂರಿಸಿ ಎಲೆ ಎತ್ತಿದಂತೆ. ಫೋಟೋಗೆ ಅನುಮತಿಯಿಲ್ಲದ, ಮೆಲುದನಿಯನ್ನಷ್ಟೇ ಸಹಿಸುವ ಈ ಕೋಣೆಗಳಲ್ಲಿ ಮಾರ್ಗದರ್ಶಿಗೆ ಕೆಲಸವೂ ಇರಲಿಲ್ಲ. ಆತ ಹೊರಗೆ ಗಡಿಯಾರ ನೋಡುತ್ತ ನಿಂತಿದ್ದರು.

ಇದಕ್ಕೆ ಹೋಲಿಸಿದರೆ ಯಾಯೊಯಿ ಕುಸಾಮಾ ಅವರ ಹಳದಿ ಕುಂಬಳಕಾಯಿಯ ಬಳಿ ಸಿಕ್ಕ ಸಮಯ ಅಗತ್ಯಕ್ಕಿಂತ ಹೆಚ್ಚು. 1994ರ ಈ ಕೃತಿ 2021ರ ಆಗಸ್ಟ್‌ನಲ್ಲಿ ಚಂಡಮಾರುತಕ್ಕೆ ಸಿಕ್ಕಿ ಸಮುದ್ರಕ್ಕೆ ಬಿದ್ದಿತ್ತು. 2022ರ ಅಕ್ಟೋಬರ್‌ನಲ್ಲಿ ಅದನ್ನು ಮರುಸ್ಥಾಪಿಸಲಾಯಿತು. ಕಟ್ಟೆಯ ತುದಿಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ, ಆದರೆ ನಾವು ಕಳೆದ ಹೆಚ್ಚಿನ ಹೊತ್ತು ಫೋಟೋ ಸರದಿಯ ಸಾಲಿನಲ್ಲೇ ಹೋಯಿತು.

ಹೊನ್‌ಮುರಾ ಹಳ್ಳಿಯಲ್ಲಿ ಪ್ರವಾಸ ಮತ್ತೆ ಚೇತರಿಸಿಕೊಂಡಿತು. ಪಾಳುಬಿದ್ದ ಮನೆಗಳನ್ನೂ ನಿವೇಶನಗಳನ್ನೂ ಕಲಾಕೃತಿಗಳಾಗಿ ಮಾರ್ಪಡಿಸುವ ಯೋಜನೆ ಇಲ್ಲಿ 1998ರಲ್ಲಿ ಕದೊಯಾ ಎಂಬ ಹಳೆಯ ಮನೆಯಿಂದ ಆರಂಭವಾಯಿತು. ಒಳಗಿನ ಕತ್ತಲಲ್ಲಿ ನೀರು ತುಂಬಿದ ಕೊಳವಿದ್ದು, ತತ್ಸುವೊ ಮಿಯಾಜಿಮಾ ಅವರು ಅದರಲ್ಲಿ 125 ಎಲ್‌ಇಡಿ ಅಂಕಿಗಳನ್ನು ಇರಿಸಿದ್ದಾರೆ. ಒಂದೊಂದೂ 1ರಿಂದ 9ರವರೆಗೆ ತನ್ನದೇ ವೇಗದಲ್ಲಿ ಎಣಿಸುತ್ತದೆ, ಆ ವೇಗಗಳನ್ನು ಗೊತ್ತುಮಾಡಿದವರು ಊರಿನವರೇ. ಇದನ್ನು ಮಾರ್ಗದರ್ಶಿ ಹೇಳದಿದ್ದರೆ ಮಿನುಗುವ ದೀಪಗಳಷ್ಟೇ ಎಂದುಕೊಂಡು ಹೊರಬರುವ ಸಾಧ್ಯತೆ ಹೆಚ್ಚು. ಹಿರೊಶಿ ಸುಗಿಮೊಟೊ ರೂಪಿಸಿದ ಗೊಒ ದೇಗುಲದ ಗಾಜಿನ ಮೆಟ್ಟಿಲುಗಳನ್ನು ನೋಡಲು ನೆಲದಡಿಯ ಇಕ್ಕಟ್ಟಾದ ಓಣಿಯೊಳಗೆ ಹೋಗಬೇಕೆಂಬುದೂ, ಮರಳುವಾಗ ಅದೇ ಓಣಿಯ ಬಾಯಲ್ಲಿ ಸಮುದ್ರ ಕಾಣುತ್ತದೆಂಬುದೂ ಅವರು ಹೇಳಿದ್ದರಿಂದಲೇ ನಮಗೆ ದಕ್ಕಿತು.

ಅದೇ ಹಳ್ಳಿಯ ಮಿನಾಮಿದೆರಾ ಎಂಬ ಕಟ್ಟಡದಲ್ಲಿರುವ ಜೇಮ್ಸ್ ಟರೆಲ್ ಅವರ ಕೃತಿಗೆ ಮಾತ್ರ ಯಾರ ವಿವರಣೆಯೂ ಬೇಡ. ಗೋಡೆಯನ್ನು ಸವರುತ್ತ ಕಡುಗತ್ತಲೆಗೆ ಹೋಗಿ ಬೆಂಚಿನ ಮೇಲೆ ಕುಳಿತರೆ ಮೊದಮೊದಲು ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಒಗ್ಗಿದಂತೆ ಎದುರಿಗೆ ಮಸುಕಾದ ಆಯತವೊಂದು ತೋರತೊಡಗುತ್ತದೆ. ಆ ಬೆಳಕು ಮೊದಲಿನಿಂದಲೂ ಅಲ್ಲಿಯೇ ಇದ್ದದ್ದು.

ಶುಲ್ಕದ ವಿಷಯದಲ್ಲಿ ಆಯೋಜಕರು ಇನ್ನಷ್ಟು ಸ್ಪಷ್ಟವಾಗಿರಬೇಕಿತ್ತು. ಯಾವ ಸಂಗ್ರಹಾಲಯದ ಪ್ರವೇಶಧನ ಶುಲ್ಕದಲ್ಲಿ ಸೇರಿದೆ, ಯಾವುದಕ್ಕೆ ಪ್ರತ್ಯೇಕವಾಗಿ ಯೆನ್ ಕೊಡಬೇಕು ಎಂಬುದು ನಮಗೆ ಹಡಗು ಹತ್ತಿದ ಮೇಲೆ ತಿಳಿಯಿತು. ಲೀ ಉಫಾನ್ ಸಂಗ್ರಹಾಲಯವಾಗಲಿ, 2025ರಲ್ಲಿ ತೆರೆದ ನಾವೋಶಿಮಾ ನ್ಯೂ ಮ್ಯೂಸಿಯಂ ಆಗಲಿ ಈ ಕಾರ್ಯಕ್ರಮದಲ್ಲಿ ಇರಲಿಲ್ಲ. ಅವೂ ಬೇಕೆನ್ನುವವರು ದ್ವೀಪದಲ್ಲೇ ಒಂದು ರಾತ್ರಿ ತಂಗಿ, ಹೊನ್‌ಮುರಾದ ಮಟ್ಟಿಗೆ ಅರ್ಧ ದಿನಕ್ಕೆ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು, ಚಿಚುವಿಗೆ ತಾವೇ ಟಿಕೆಟ್ ಕಾಯ್ದಿರಿಸಿ ಒಬ್ಬರೇ ಹೋಗುವುದು ಲೇಸು.