‘ಎಲ್ಲಾ ಮೀನಿಗೂ ಇದೊಂದೇ ಸಾಕು’ ಅಂದರೆ ಆ ಅಂಗಡಿಯಿಂದ ಎದ್ದು ಬನ್ನಿ

ಮೀನು ಹಿಡಿಯುವ ರಾಡ್, ದಾರ ಸುತ್ತುವ ರೀಲ್, ಇಪ್ಪತ್ತು ಲೂರ್ (ಮೀನನ್ನು ಮರುಳು ಮಾಡುವ ಪ್ಲಾಸ್ಟಿಕ್ ಮೀನು), ಎಲ್ಲಾ ಸೇರಿ 4,200 ರೂಪಾಯಿಗೆ ಕಾಂಬೋ ಅಂತ ಯಾರಾದರೂ ಕೊಟ್ಟರೆ ದಯವಿಟ್ಟು ತಗೋಬೇಡಿ. ನಾನು ತಗೊಂಡೆ. ಎರಡು ವಾರ ಆಯಿತು, ಹೊಟ್ಟೆ ಇನ್ನೂ ಉರಿಯುತ್ತಿದೆ.

ಬೆಂಗಳೂರಿನ ಒಂದು ಅಂಗಡಿ. ನಾನು ಬಿಡಿಸಿಯೇ ಹೇಳಿದ್ದೆ: ಕುಣಿಗಲ್ ಕಡೆಯ ಕೆರೆ, ಕಾಟ್ಲಾ, ರೋಹು, ಜಿಲೇಬಿ ಮೀನು (ತಿಲಾಪಿಯಾ), ಸಿಕ್ಕರೆ ಕೊರವ. “ಎಲ್ಲದಕ್ಕೂ ಇದೊಂದೇ ಸಾಕು ಸಾರ್, ಕಣ್ಣು ಮುಚ್ಚಿ ತಗೊಳ್ಳಿ” ಅಂದರು. ಕೈಗಿಟ್ಟಿದ್ದು 6000 ಸೈಜಿನ ದೊಡ್ಡ ರೀಲ್. ಅದು ಸಮುದ್ರದ ದಡದಲ್ಲಿ ನಿಂತು ಎಸೆಯುವವರು ಬಳಸುವ ಸೈಜು. ಆಗ ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು.

ಭಾನುವಾರ ಕೆರೆಯ ಮೀನಿನ ಗುತ್ತಿಗೆದಾರರಿಗೆ ದುಡ್ಡು ಕಟ್ಟಿ ಮಗನ ಜೊತೆ ಕೆರೆಗೆ ಹೋದೆ. ಬೆಳಿಗ್ಗೆ ಆರರಿಂದ ಹತ್ತೂವರೆವರೆಗೆ ಆ ಪ್ಲಾಸ್ಟಿಕ್ ಮೀನುಗಳನ್ನು ಎಸೆದೆ, ಎಳೆದೆ, ಮತ್ತೆ ಎಸೆದೆ. ತೋಳು ಸೋತು ಹೋಯಿತು. ಒಂದೂ ಕಚ್ಚಲಿಲ್ಲ. ಪಕ್ಕದಲ್ಲಿದ್ದ ಯಜಮಾನರು ಮೈದಾ, ಕಡಲೆಕಾಯಿ ಹಿಂಡಿ ಕಲಸಿದ ಉಂಡೆಗೇ ಎರಡು ರೋಹು ತೆಗೆದರು. ಆಮೇಲೆ ನನ್ನ ಡಬ್ಬಿ ನೋಡಿದರು. “ಇದಕ್ಕೆ ಕಾಟ್ಲಾ ಬೀಳುತ್ತೆ ಅಂತ ಯಾರು ಸ್ವಾಮಿ ಹೇಳಿದ್ದು? ಅದೇನು ಮೀನು ಹಿಡಿದು ತಿನ್ನೋ ಮೀನಾ?”

ಮಗ ನನ್ನ ಮುಖ ನೋಡಿದ. ಆ ಕ್ಷಣ ಮಾತ್ರ ಮರೆಯೋಕಾಗಲ್ಲ.

ಹೌದಲ್ವಾ! ಕಾಟ್ಲಾ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿನ್ನುತ್ತೆ, ರೋಹು ಪಾಚಿ, ಸೊಪ್ಪು ಮೇಯುತ್ತೆ. ಬೇಟೆಯಾಡುವುದು ಕೊರವ. ಅದಕ್ಕೆ ಬೇಕಾದ ರಬ್ಬರ್ ಕಪ್ಪೆ ಆ ಇಪ್ಪತ್ತರಲ್ಲಿ ಒಂದೂ ಇರಲಿಲ್ಲ. ಯಜಮಾನರೇ ಒಂದು ಕೊಟ್ಟರು. ಅದರ ಗಾಳ ಮೈಗೆ ಅಂಟಿಕೊಂಡಿರುತ್ತೆ, ಜೊಂಡಿಗೆ ಸಿಕ್ಕಿಕೊಳ್ಳಲ್ಲ. ಮೂರನೇ ಎಸೆತಕ್ಕೇ ಕೊರವ ಹಿಡಿಯಿತು. ರೀಲಿನ ಹಿಡಿ ತಿರುಗಿಸುತ್ತೇನೆ, ಸುಮ್ನೆ ತಿರುಗುತ್ತೆ, ದಾರ ಬರಲ್ಲ. ಒಳಗಿನ ಗೇರಿನ ಹಲ್ಲುಗಳೇ ಸವೆದಿದ್ದವು. ಮೊದಲನೇ ದಿನ! ಮೀನೂ ಹೋಯಿತು, ಅವರ ಕಪ್ಪೆಯೂ ಹೋಯಿತು.

ಅಂಗಡಿಗೆ ಫೋನ್ ಮಾಡಿದೆ. “ಮೀನು ಬೀಳೋದು ನಿಮ್ಮ ಲಕ್ ಸಾರ್.” ರೀಲ್ ಕೆಟ್ಟಿದೆ ಅಂದೆ. “ನೀವು ಜೋರಾಗಿ ಎಳೆದಿದ್ದೀರಿ.” ಬದಲಾಯಿಸಿ ಕೊಡಿ ಅಂದೆ. “ನೀರಿಗೆ ಇಳಿದ ಮಾಲು ವಾಪಸ್ ತಗೊಳ್ಳಲ್ಲ.” ನೀರಿಗೆ ಇಳಿಸದೆ ಮೀನು ಹಿಡಿಯೋದು ಹೇಗೆ? ಫೋಟೋ ಕಳಿಸಿದೆ. ನೋಡಿದ್ದಾರೆ, ಉತ್ತರ ಇಲ್ಲ.

ಕೆರೆಯಲ್ಲಿ ಲೂರ್ ಎಸೆಯೋಕೆ 2500 ಇಲ್ಲಾ 3000 ಸೈಜು ಸಾಕು. ದೊಡ್ಡ ಕಾಟ್ಲಾಗೆ ಉಂಡೆ ಕಟ್ಟಿ ಕೂರುವವರು 4000, 5000 ತಗೊಳ್ಳಿ. ಅಂಗಡಿಯಲ್ಲೇ ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಸಡಿಲ ಬಿಡಬೇಕು ಅಂತ ಹೊಂದಿಸುವ ತಿರುಪು) ಬಿಗಿ ಮಾಡಿ, ಒಬ್ಬರ ಕೈಲಿ ದಾರ ಎಳೆಸಿ, ಹಿಡಿ ತಿರುಗಿಸಿ ನೋಡಿ. ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ನನಗೆ ಅವರು ಕ್ಯಾಲ್ಕುಲೇಟರಿನಲ್ಲಿ ಮೊತ್ತ ತೋರಿಸಿದರು, ಅಷ್ಟೇ.